ಹೈದರಾಬಾದಿನಲ್ಲಿ ಅರ್ಧ ಬೆಲೆಗೆ ಹಳೇ ಲಕ್ಷುರಿ ಎಲೆಕ್ಟ್ರಿಕ್ ಸೆಡಾನ್ ಸಿಗುತ್ತಿದೆ. ಸಿಂಧನೂರಿನಲ್ಲಿ ಇಟ್ಟುಕೊಂಡು ಓಡಿಸಬಹುದಾ? ಬ್ಯಾಟರಿ ಎಷ್ಟು ವರ್ಷ ಬರುತ್ತೆ?

ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನೂ ಬಳ್ಳಾರಿಯಿಂದ ಹೈದರಾಬಾದಿಗೆ ಹೋಗಿದ್ದೆ. ನಾಲ್ಕು ವರ್ಷದ ಕಾರು, 31 ಸಾವಿರ ಕಿಲೋಮೀಟರ್ ಓಡಿತ್ತು, 80 ಕಿಲೋವ್ಯಾಟ್ ಅವರ್ (ಅಂದರೆ 80 ಯೂನಿಟ್) ಬ್ಯಾಟರಿ. ಬ್ಯಾಟರಿ ಹೆಲ್ತ್ ರಿಪೋರ್ಟ್ ತೆಗೆಸಿದೆ, 93% ಬಂತು. ಪೇಂಟ್ ಮೀಟರ್ ಹಿಡಿದು ಬಾಡಿ ನೋಡಿಸಿದೆ. ಲಿಫ್ಟ್ ಮೇಲೆ ಎತ್ತಿಸಿ ಕಾರಿನ ಹೊಟ್ಟೆ ಮಾತ್ರ ನೋಡಲಿಲ್ಲ. ಅದೊಂದನ್ನು ಬಿಟ್ಟಿದ್ದಕ್ಕೆ ಏಳೂವರೆ ಲಕ್ಷ ಕೈಬಿಟ್ಟು ಹೋಯಿತು.

ಈ ಕಾರುಗಳಲ್ಲಿ ಬ್ಯಾಟರಿ ಎಂದರೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿವರೆಗೆ ಹಾಸಿದ ಹಾಸಿಗೆ ಇದ್ದಂತೆ. ಕೆಳಗೆ ಅಲ್ಯೂಮಿನಿಯಂ ಟ್ರೇ, ಒಳಗೆ ತಣಿಸುವ ದ್ರವ, ಅಂದರೆ ಕೂಲೆಂಟ್, ಹರಿಯುವ ತಟ್ಟೆ, ಜೊತೆಗೆ ಸೆಲ್‌ಗಳು. ಪಂಚರ್ ಅಂಗಡಿಯಲ್ಲಿ ಪೆಟ್ರೋಲ್ ಕಾರಿಗೆ ಇಟ್ಟ ಹಾಗೆ ಟ್ರಾಲಿ ಜಾಕನ್ನು ಅಂದಾಜಿಗೆ ಒಳಗೆ ತಳ್ಳಿ ಎತ್ತಿದರೆ ಎರಡು ಟನ್ನಿಗೂ ಮೇಲಿನ ಕಾರಿನ ಭಾರದ ಒಂದು ಪಾಲು ಆ ಟ್ರೇ ಮೇಲೇ ಕೂರುತ್ತೆ. ನನ್ನ ಕಾರಿನಲ್ಲಿ ಸಿಕ್ಕಿದ್ದು ಅದೇ: ಚಹಾ ಲೋಟದ ಬಾಯಿಯಷ್ಟು ದುಂಡನೆ ತಗ್ಗು, ಜಾಕ್ ಬಟ್ಟಲಿನ ಅಚ್ಚು. ಅದರ ಪಕ್ಕದ ಸೀಲ್ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು.

ಬೇಸಿಗೆ ಪೂರ್ತಿ ಏನೂ ಗೊತ್ತಾಗಲಿಲ್ಲ. ಮೊದಲ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಡ್ರೈವ್ ದೋಷ ಎಂದು ಸ್ಕ್ರೀನಿನಲ್ಲಿ ಕೆಂಪು ಬರಹ. ಬಿಸಿಲೇರಿದ ಮೇಲೆ ತಾನೇ ಸರಿ. ಮೂರನೇ ಸಲ ಏಳಲೇ ಇಲ್ಲ. ಒಳಗೆ ತೇವ ಸೇರಿದರೆ ಬ್ಯಾಟರಿ ಪ್ಯಾಕ್‌ಗೂ ಬಾಡಿಗೂ ನಡುವೆ ಕರೆಂಟ್ ಸೋರದಂತೆ ತಡೆಯುವ ಇನ್ಸುಲೇಷನ್ ಇಳಿಯುತ್ತೆ. ವೋಲ್ಟಿಗೆ 500 ಓಮ್ ಎಂಬುದು ಸಾಮಾನ್ಯವಾಗಿ ಪಾಲಿಸುವ ಸುರಕ್ಷತಾ ಮಿತಿ, ಅಂದರೆ 400 ವೋಲ್ಟಿನ ಪ್ಯಾಕಿಗೆ 2 ಲಕ್ಷ ಓಮ್. ಅದಕ್ಕಿಂತ ಕೆಳಗೆ ಬಂದರೆ ಕಾರು ಸಾಮಾನ್ಯವಾಗಿ ಮೇನ್ ಕಾಂಟ್ಯಾಕ್ಟರ್, ಅಂದರೆ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ದೊಡ್ಡ ಸ್ವಿಚ್, ಹಾಕುವುದೇ ಇಲ್ಲ. ಹೆಲ್ತ್ 93% ಇದ್ದರೂ ಇದು ಆಗುತ್ತೆ, ಯಾಕೆಂದರೆ ಆ ಅಂಕಿ ಹೇಳುವುದು ಸೆಲ್‌ಗಳ ಸಾಮರ್ಥ್ಯವನ್ನು, ಟ್ರೇ ಗತಿಯನ್ನಲ್ಲ. ವಾರಂಟಿ ಕೇಳಿದರೆ ಹೊರಗಿನ ಪೆಟ್ಟು, ಬರಲ್ಲ ಅಂದರು. ಇನ್ಶೂರೆನ್ಸ್ ಕೇಳಿದರೆ ಪಾಲಿಸಿಗೆ ಮುಂಚಿನ ಹಾನಿ ಅಂದರು. ಖರೀದಿ ದಿನದ ಅಡಿಭಾಗದ ಒಂದು ಫೋಟೋ ಕೂಡ ನನ್ನ ಹತ್ತಿರ ಇರಲಿಲ್ಲ. ಟ್ರೇ, ಕೂಲಿಂಗ್ ತಟ್ಟೆ, ಸೀಲ್ ಬದಲಿಸಲು ಏಳು ವಾರ ಹಿಡಿಯಿತು.

ಆದ್ದರಿಂದ ಬ್ಯಾಟರಿ ಎಷ್ಟು ವರ್ಷ ಬರುತ್ತೆ ಎನ್ನುವ ಪ್ರಶ್ನೆಯನ್ನೇ ಬಿಡಿ. ಸೆಲ್ ಸವೆತಕ್ಕೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇರುತ್ತೆ, ಅದೂ ಮೊದಲ ಮಾಲೀಕ ಕಾರು ತೆಗೆದ ದಿನದಿಂದ. ಎರಡು ಪೋಸ್ಟ್ ಲಿಫ್ಟ್ ಇರುವ ಕಡೆ ಎತ್ತಿಸಿ, ಪ್ಲಾಸ್ಟಿಕ್ ಕವರ್ ಬಿಚ್ಚಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಟ್ರೇ ಪೂರ್ತಿ ನೋಡಿ. ದುಂಡನೆ ತಗ್ಗು, ಹೊಸದಾಗಿ ಬಳಿದ ಕಪ್ಪು ಬಣ್ಣ, ಅಂಚಿನಲ್ಲಿ ಒಣಗಿದ ಕೂಲೆಂಟ್ ಕಲೆ, ಪಾನಾ ಬಿದ್ದ ಗುರುತಿರುವ ಬೋಲ್ಟ್: ಇವುಗಳಲ್ಲಿ ಒಂದು ಕಂಡರೂ ಬಿಟ್ಟು ಬನ್ನಿ, ಬೆಲೆ ಇಳಿಸಿದರೂ ಬೇಡ. ಚೆನ್ನಾಗಿದ್ದರೆ ನಂಬರ್ ಪ್ಲೇಟ್ ಕಾಣುವ ಹಾಗೆ ವಿಡಿಯೋ ತೆಗೆದು, ಪಾಲಿಸಿ ಮಾಡಿಸುವಾಗಲೇ ಕಂಪನಿಗೆ ಈಮೇಲ್ ಹಾಕಿ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಇನ್ಸುಲೇಷನ್ ಓದಿಸಿ, ಒಳ್ಳೆಯ ಪ್ಯಾಕ್‌ನಲ್ಲಿ ಮೆಗಾಓಮ್ (ಹತ್ತು ಲಕ್ಷ ಓಮ್) ಲೆಕ್ಕದಲ್ಲಿರುತ್ತೆ.

ಸಾಮರ್ಥ್ಯ ತಿಳಿಯಲು ರಿಪೋರ್ಟಿಗಿಂತ ಕರೆಂಟ್ ಮೀಟರ್ ನಂಬಿ. 20ರಿಂದ 80%ಗೆ ಹೋಗಲು ಸವೆಯದ 80 ಯೂನಿಟ್ ಪ್ಯಾಕಿಗೆ 48 ಯೂನಿಟ್ ಬೇಕು, ಮನೆ ಚಾರ್ಜಿಂಗ್ ನಷ್ಟ ಸೇರಿಸಿದರೆ ಮೀಟರ್ 52-54 ತೋರಿಸಬೇಕು. 45ಕ್ಕೇ ಮುಗಿದರೆ ಪ್ಯಾಕ್ ಸವೆದಿದೆ. ಅದೇ ಹೊತ್ತಿನಲ್ಲಿ 11 ಕಿಲೋವ್ಯಾಟ್ ಬರುತ್ತಿದೆಯಾ ನೋಡಿ. ತ್ರೀ ಫೇಸ್ ಕೊಟ್ಟರೂ 7ರ ಆಸುಪಾಸಿನಲ್ಲೇ ನಿಂತರೆ ಕಾರಿನೊಳಗಿನ ಚಾರ್ಜರಿನ ಒಂದು ಫೇಸ್ ಹೋಗಿದೆ ಎಂದು ಅನುಮಾನಿಸಿ, ಅದು ಲಕ್ಷಗಳ ಬಾಬತ್ತು. ಏರ್ ಸಸ್ಪೆನ್ಷನ್ ಇದ್ದರೆ ಸಂಜೆ ನಾಲ್ಕೂ ಗಾಲಿ ಮೇಲಿನ ಎತ್ತರ ಟೇಪಿನಲ್ಲಿ ಅಳೆದು ಬೆಳಿಗ್ಗೆ ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಆ ಸಸ್ಪೆನ್ಷನ್ನಿನ ಗಾಳಿ ಬ್ಯಾಗ್ ಸೋರುತ್ತಿದೆ.

ಎಲ್ಲರೂ ಮರೆಯುವುದು 12 ವೋಲ್ಟ್ ಬ್ಯಾಟರಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಚಿಕ್ಕದು ಸತ್ತರೆ ಕಾರು ಏಳುವುದಿಲ್ಲ, ಕೆಲವದರಲ್ಲಿ ಬಾಗಿಲೂ ತೆರೆಯುವುದಿಲ್ಲ. ನಾಲ್ಕು ವರ್ಷ ದಾಟಿದ್ದರೆ ಕೇಳದೆ ಬದಲಿಸಿ, ಹೊಸದನ್ನು ಸ್ಕ್ಯಾನರ್‌ನಲ್ಲಿ ರಿಜಿಸ್ಟರ್ ಮಾಡಿಸಿ.

ನಮ್ಮ ಕಡೆಯ ವಿಷಯಕ್ಕೆ ಬಂದರೆ ಮೊದಲ ತೊಡಕು ಅರ್ಥಿಂಗ್. ಎರೆನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ರಾಡ್‌ನಿಂದ ದೂರ ಸರಿಯುತ್ತೆ, ಮಣ್ಣಿನ ಹಿಡಿತ ಹೋಗುತ್ತೆ, ರಾತ್ರಿ ಚಾರ್ಜಿಂಗ್ ನಡುವೆ ನಿಲ್ಲುತ್ತೆ. ಚಾರ್ಜರಿಗೆ ಬೇರೆ ಅರ್ಥ್ ಪಿಟ್ ತೋಡಿಸಿ, ಮಾರ್ಚಿನಿಂದ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2-3 ವೋಲ್ಟಿಗಿಂತ ಹೆಚ್ಚು ಇರದಂತೆ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಕಾರು ತರುವ ಮುಂಚೆಯೇ ನಮ್ಮ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ತ್ರೀ ಫೇಸ್, ಲೋಡ್ ಹೆಚ್ಚಳಕ್ಕೆ ಅರ್ಜಿ ಹಾಕಿ. ಮಾಮೂಲಿ ಸಾಕೆಟ್ಟಿನಲ್ಲಿ ಇಷ್ಟು ದೊಡ್ಡ ಪ್ಯಾಕ್ ತುಂಬಲು 30 ಗಂಟೆ ದಾಟುತ್ತೆ. ಏಪ್ರಿಲ್-ಮೇ ಬಿಸಿಲಲ್ಲಿ 100% ತುಂಬಿಸಿ ಬಯಲಲ್ಲಿ ನಿಲ್ಲಿಸಬೇಡಿ. 80%ಗೆ ನಿಲ್ಲಿಸಿ, ಚಾರ್ಜನ್ನು ಬೆಳಗಿನ ಜಾವಕ್ಕೆ ಹೊಂದಿಸಿ. ಸಂಡೂರು, ತೋರಣಗಲ್ಲು ಕಡೆ ಓಡಾಟ ಇದ್ದರೆ ಅದಿರಿನ ಕೆಂಪು ಧೂಳು ಮುಂಭಾಗದ ಎಸಿ ಕಂಡೆನ್ಸರ್ ಕಟ್ಟಿಸುತ್ತೆ. ಎಸಿ ಗ್ಯಾಸೇ ಬ್ಯಾಟರಿಯನ್ನೂ ತಣಿಸುವುದರಿಂದ ಮೂರು ತಿಂಗಳಿಗೊಮ್ಮೆ ಪ್ರೆಶರ್ ಇಲ್ಲದ ನೀರಿನಲ್ಲಿ ತೊಳೆಸಿ.

ಓಡಿಸುವ ಖರ್ಚು ನಿಜಕ್ಕೂ ಕಡಿಮೆ: 100 ಕಿಲೋಮೀಟರಿಗೆ 18-20 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 140. ಹಣ ತಿನ್ನುವುದು ಟೈರ್, ಇನ್ಶೂರೆನ್ಸ್, ಸಾಗಣೆ. ಭಾರಕ್ಕೆ ಟೈರ್ ಬೇಗ ಸವೆಯುತ್ತೆ, ಲೋಡ್ ರೇಟಿಂಗ್ ಕಡಿಮೆ ಇರುವ ಅಗ್ಗದ ಟೈರ್ ಹಾಕಲೇಬಾರದು. ದೋಷ ಬಂದರೆ ಫ್ಲಾಟ್‌ಬೆಡ್ ಲಾರಿಯಲ್ಲೇ ಹೋಗಬೇಕು. ಸರ್ವೀಸಿಗೆ ಬೆಂಗಳೂರಿಗೇ ಕಳಿಸಬೇಕಾದರೆ ಬಳ್ಳಾರಿಯಿಂದಲೇ 300 ಕಿಲೋಮೀಟರ್ ದಾಟುತ್ತೆ, ನಿಮಗೆ ಇನ್ನೂ ದೂರ.

ಅರ್ಧ ಬೆಲೆ ಅಂದಿರಲ್ಲ, ಅದನ್ನೂ ನಾನು ಒಪ್ಪುವುದಿಲ್ಲ. ತೆಲಂಗಾಣದ ಕಾರಿಗೆ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತಂದು ರಾಯಚೂರಿನ ಕೆಎ 36 ನಂಬರ್ ಹಾಕಿಸುವಾಗ ಇಲ್ಲಿನ ತೆರಿಗೆ ಬೀಳುತ್ತೆ. 2024ರಿಂದ ಕರ್ನಾಟಕದಲ್ಲಿ 25 ಲಕ್ಷಕ್ಕಿಂತ ದುಬಾರಿಯ ಎಲೆಕ್ಟ್ರಿಕ್ ಕಾರಿಗೆ 10% ಜೀವಿತಾವಧಿ ತೆರಿಗೆ ಇದೆ. ಕಾರಿನ ವಯಸ್ಸಿಗೆ ಎಷ್ಟಾಗುತ್ತೆ ಎಂದು ಮುಂಗಡ ಕೊಡುವ ಮುಂಚೆ ರಾಯಚೂರು ಆರ್‌ಟಿಓದಲ್ಲಿ ಕೇಳಿ ಬನ್ನಿ.

ಮನೆಯಲ್ಲಿ ಇನ್ನೊಂದು ಕಾರಿದ್ದು, ವಾರಂಟಿ ಮೂರು ವರ್ಷವಾದರೂ ಉಳಿದಿದ್ದು, ಹೊಟ್ಟೆ ಶುದ್ಧವಾಗಿದ್ದರೆ ತಗೊಳ್ಳಿ, ಇಲ್ಲವಾದರೆ ಬೇಡ. ತಗೊಂಡ ದಿನವೇ ಆ ಮಾಡೆಲ್ಲಿನ ಜಾಕ್ ಪಾಯಿಂಟಿಗೆ ಕೂರುವ ನಾಲ್ಕು ರಬ್ಬರ್ ಪ್ಯಾಡ್ ಡಿಕ್ಕಿಯಲ್ಲಿಡಿ. ಪಂಚರ್ ಆದಾಗ ನೀವೇ ಬಗ್ಗಿ ಪ್ಯಾಡ್ ಕೂರಿಸಿ, ಆಮೇಲೆ ಹುಡುಗನಿಗೆ ಜಾಕ್ ಎತ್ತಲು ಹೇಳಿ.