ವಿಸಿಲ್ ಊದದೆ ಹೊಡೆದ ಗೋಲು ಗೋಲಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಈ ಸಲ ಫುಟ್‌ಬಾಲ್ ನಿಯಮಗಳು

ಪ್ರಶ್ನೆ: 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್ ಪಂದ್ಯ ನಡೆಯಿತು. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದರು. ಕೇರಳದವರು ಮೈದಾನ ಬಿಟ್ಟು ಹೊರಟೇಹೋದರು. ನನ್ನ ಪಕ್ಕದ ಸೀಟಿನವರು ಕೊಚ್ಚಿಯವರು. ಆ ಗೋಲಿನ ಮಾತು ಬಂದರೆ ಆಫೀಸಿನಲ್ಲಿ ಇವತ್ತಿಗೂ ಜಗಳ. ‘ರೆಫರಿ ವಿಸಿಲ್ ಊದಲಿಲ್ಲ, ಕೀಪರ್ ಇನ್ನೂ ಗೋಡೆ (ಚೆಂಡಿಗೆ ಅಡ್ಡವಾಗಿ ಸಾಲಾಗಿ ನಿಲ್ಲುವ ಆಟಗಾರರು) ನಿಲ್ಲಿಸುತ್ತಿದ್ದ, ಅದು ಗೋಲೇ ಅಲ್ಲ’ ಅಂತಾರೆ ಅವರು. ಯಾರು ಸರಿ?
*ಓದುಗರು, ಆಸ್ಟಿನ್ ಟೌನ್, ಬೆಂಗಳೂರು*

ಉತ್ತರ: ನಿಮ್ಮ ಕೊಚ್ಚಿ ಗೆಳೆಯರ ವಾದದಲ್ಲಿ ಅರ್ಧ ತಪ್ಪಿದೆ. ಉಳಿದರ್ಧವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ತಪ್ಪಿರುವ ಅರ್ಧ ವಿಸಿಲ್‌ನದ್ದು. ಪ್ರತಿ ಫ್ರೀ ಕಿಕ್‌ಗೂ ರೆಫರಿ ವಿಸಿಲ್ ಊದಲೇಬೇಕು ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ನಿಯಮ ಹಾಗೆ ಹೇಳುವುದಿಲ್ಲ. ಫೌಲ್ ಆದಾಗ ಆಟ ನಿಲ್ಲಿಸಲು ವಿಸಿಲ್ ಬೇಕು. ಮತ್ತೆ ಶುರು ಮಾಡಲು ಸಾಮಾನ್ಯವಾಗಿ ಬೇಕಿಲ್ಲ. ಚೆಂಡು ಸರಿಯಾದ ಜಾಗದಲ್ಲಿದೆ, ಅಲ್ಲಾಡುತ್ತಿಲ್ಲ ಅಂದರೆ ಒದೆಯಬಹುದು. ಮಧ್ಯ ಮೈದಾನದಲ್ಲಿ ಫೌಲ್ ಆದಾಗ ಗಮನಿಸಿ, ಚೆಂಡು ಇಟ್ಟ ತಕ್ಷಣ ಪಕ್ಕದವನಿಗೆ ತಳ್ಳಿ ಆಟ ಮುಂದುವರಿಸುತ್ತಾರೆ. ಅಲ್ಲಿ ಯಾರೂ ವಿಸಿಲ್ ಕೇಳುವುದಿಲ್ಲ. ಪೆನಾಲ್ಟಿ ಬಾಕ್ಸ್ ಹತ್ತಿರ ಬಂದಾಗ ಮಾತ್ರ ಎಲ್ಲರಿಗೂ ವಿಸಿಲ್ ನೆನಪಾಗುತ್ತದೆ.

ಹಾಗಾದರೆ ಯಾವಾಗ ವಿಸಿಲ್ ಬೇಕು? ಗೋಡೆಯನ್ನು ಹಿಂದಕ್ಕೆ ಕಳಿಸಿದಾಗ. ಹಳದಿ ಅಥವಾ ಕೆಂಪು ಕಾರ್ಡ್ ತೋರಿಸಲು ಆಟ ನಿಂತಾಗ. ಗಾಯಾಳುವನ್ನು ನೋಡಲು ನಿಂತಾಗ, ಆಟಗಾರನನ್ನು ಬದಲಿಸಿದಾಗ. ಪೆನಾಲ್ಟಿಗಂತೂ ಬೇಕೇ ಬೇಕು. ಅಂದರೆ ರೆಫರಿ ಆ ಕಿಕ್ಕನ್ನು ತನ್ನ ಕೈಗೆ ತೆಗೆದುಕೊಂಡರೆ ವಿಸಿಲ್ ಬೇಕು. ತೆಗೆದುಕೊಳ್ಳದಿದ್ದರೆ ಅದು ಒದೆಯುವವನ ಕೈಯಲ್ಲೇ ಇರುತ್ತದೆ.

ಇದರ ಹಿಂದೆ ನ್ಯಾಯವಾದ ಕಾರಣವೂ ಇದೆ. ಫೌಲ್ ಮಾಡಿದ್ದು ಎದುರಾಳಿ. ಫ್ರೀ ಕಿಕ್ ಆ ನಷ್ಟಕ್ಕೆ ಕೊಡುವ ಪರಿಹಾರ. ತಪ್ಪು ಮಾಡಿದ ತಂಡಕ್ಕೆ ‘ನೀವು ಆರಾಮಾಗಿ ಗೋಡೆ ಕಟ್ಟಿಕೊಳ್ಳಿ, ಅಲ್ಲೀತನಕ ಇವರು ಕಾಯುತ್ತಾರೆ’ ಅಂದರೆ ಫೌಲ್ ಮಾಡಿದ್ದೇ ಲಾಭ ಆಯ್ತು, ಅಲ್ವಾ? ಎದುರಾಳಿಗಳು 9.15 ಮೀಟರ್ ದೂರ ಇರಬೇಕು ಅನ್ನುವುದು ಒದೆಯುವ ತಂಡಕ್ಕೆ ಸಿಕ್ಕ ಹಕ್ಕು. ಬೇಡ ಅನ್ನಿಸಿದರೆ ಅದನ್ನು ಬಿಟ್ಟು ಬೇಗ ಒದೆಯುವುದಕ್ಕೂ ಅವರಿಗೆ ಹಕ್ಕಿದೆ.

ಈಗ ಆ ರಾತ್ರಿಗೆ ಬರೋಣ. 90 ನಿಮಿಷ ಮುಗಿದಾಗ 0-0. ಹೆಚ್ಚುವರಿ ಸಮಯ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಬಾಕ್ಸಿನ ಅಂಚಿನಲ್ಲಿ ಚೆಟ್ರಿ ಮೇಲೆ ಫೌಲ್ ಆಯ್ತು, ರೆಫರಿ ಕ್ರಿಸ್ಟಲ್ ಜಾನ್ ಫ್ರೀ ಕಿಕ್ ಕೊಟ್ಟರು. ಕೇರಳದ ಅಡ್ರಿಯಾನ್ ಲೂನಾ ಚೆಂಡಿನ ಹತ್ತಿರವೇ ನಿಂತಿದ್ದರು. ಕೀಪರ್ ಪ್ರಭ್‌ಸುಖನ್ ಗಿಲ್ ಇನ್ನೂ ಸಿದ್ಧರಾಗಿರಲಿಲ್ಲ, ಗೋಡೆ ನಿಲ್ಲಿಸುವ ಗಡಿಬಿಡಿಯಲ್ಲಿದ್ದರು. ಅಷ್ಟರಲ್ಲಿ ಚೆಟ್ರಿ ಚೆಂಡನ್ನು ಮೆತ್ತಗೆ ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫರಿ ಗೋಲು ಅಂದರು. ಮುಂದಿನದು ನಿಮಗೆ ಗೊತ್ತೇ ಇದೆ.

ಚೆಟ್ರಿ ಪಂದ್ಯದ ನಂತರ ಹೇಳಿದ್ದು ಇಷ್ಟು: ನನಗೆ ವಿಸಿಲ್ ಬೇಡ, ಗೋಡೆ ಹಿಂದೆ ಹೋಗುವುದೂ ಬೇಡ ಅಂತ ರೆಫರಿಗೆ ಮೊದಲೇ ತಿಳಿಸಿದ್ದೆ, ಪಕ್ಕದಲ್ಲೇ ಇದ್ದ ಲೂನಾಗೂ ಅದು ಗೊತ್ತಿತ್ತು. ಬ್ಲಾಸ್ಟರ್ಸ್ ವಾದ ಬೇರೆ. ಫೌಲ್ ಆಗಿ ಸಾಕಷ್ಟು ಹೊತ್ತಾಗಿತ್ತು, ರೆಫರಿ ಆಗಲೇ ನಡುವೆ ಬಂದಿದ್ದರು, ಆಮೇಲೆ ಅದನ್ನು ‘ಕ್ವಿಕ್ ಫ್ರೀ ಕಿಕ್’ ಅನ್ನುವುದು ಹೇಗೆ ಅಂತ.

ನಿಮ್ಮ ಗೆಳೆಯರ ಯೋಚಿಸಬೇಕಾದ ಅರ್ಧ ಇರುವುದು ಇಲ್ಲೇ. ಕ್ವಿಕ್ ಅಂದರೆ ಎಷ್ಟು ಸೆಕೆಂಡು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಹಾಗಾಗಿ ಗಡಿಯಾರ ಹಿಡಿದು ವಾದ ಮಾಡಿ ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ರೆಫರಿ ಗೋಡೆ ಹಿಂದಕ್ಕೆ ಕಳಿಸಲು ಶುರು ಮಾಡಿದ್ದರಾ? ಮಾಡಿದ್ದರೆ ವಿಸಿಲ್ ಇಲ್ಲದೆ ಹೊಡೆದದ್ದು ಲೆಕ್ಕಕ್ಕೆ ಬರಬಾರದಿತ್ತು. ಚೆಂಡಿನ ಮುಂದೆ ನಿಂತ ಒಬ್ಬನಿಗೆ ‘ಪಕ್ಕಕ್ಕೆ ಸರಿಯಪ್ಪ’ ಅಂದದ್ದು ಮಾತ್ರವಾದರೆ ಅದನ್ನು ಗೋಡೆ ಹಿಂದಕ್ಕೆ ಕಳಿಸಿದ್ದು ಅನ್ನಲು ಆಗುವುದಿಲ್ಲ. ಚೆಂಡಿನ ಮುಂದೆ ನಿಂತು ಬೇಗ ಒದೆಯಲು ಬಿಡದವನಿಗೆ ಹಳದಿ ಕಾರ್ಡ್ ಅಂತಲೇ ನಿಯಮ ಹೇಳುತ್ತದೆ. ಅವನನ್ನು ಸರಿಸಿದ್ದಕ್ಕೆ ಒದೆಯುವವನ ಹಕ್ಕು ಹೋಗಬಾರದು.

ನನ್ನ ಲೆಕ್ಕದಲ್ಲಿ ಅದು ಗೋಲೇ. ಆದರೆ ರೆಫರಿ ಕೆಲಸ ಅಚ್ಚುಕಟ್ಟಾಗಿರಲಿಲ್ಲ. ಇಂಥ ಜಾಗದಲ್ಲಿ ರೆಫರಿಗಳಿಗೆ ಕಲಿಸುವುದು ಒಂದು ಸಣ್ಣ ವಿಷಯ. ಒದೆಯುವವನು ಕಾಯಬೇಕಾದರೆ ವಿಸಿಲನ್ನು ಕೈಯಲ್ಲಿ ಎತ್ತಿಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಅದನ್ನು ತೋರಿಸಬೇಕು. ಇದು ಎಷ್ಟೇ ಗಲಾಟೆ ಇದ್ದರೂ, ಯಾವ ಭಾಷೆಯ ಆಟಗಾರನಿಗೂ ಅರ್ಥವಾಗುತ್ತದೆ. ಕಾಯಬೇಕಿಲ್ಲ ಅಂದರೆ ರೆಫರಿ ಅಲ್ಲಿ ನಿಲ್ಲಲೇಬಾರದು, ಬೇಗ ಪಕ್ಕಕ್ಕೆ ಸರಿಯಬೇಕು. ಚೆಂಡಿನ ಹತ್ತಿರ ನಿಂತು ಒಬ್ಬ ಆಟಗಾರನ ಜೊತೆ ಮಾತಾಡುತ್ತಿದ್ದರೆ, ದೂರದ ಕೀಪರ್‌ಗೆ ‘ಇನ್ನೂ ಸಮಯ ಇದೆ’ ಅನ್ನಿಸುವುದು ಸಹಜ. ನಿಯಮದ ಪ್ರಕಾರ ಗಿಲ್‌ಗೆ ಅನ್ಯಾಯ ಆಗಲಿಲ್ಲ. ಆದರೂ ಅವರು ಯಾಕೆ ಮೋಸಹೋದರು ಅಂತ ನನಗೆ ಅರ್ಥವಾಗುತ್ತದೆ.

ಇಂಥದ್ದು ಹೊಸದೂ ಅಲ್ಲ. 2004ರ ಡಿಸೆಂಬರ್‌ನಲ್ಲಿ ಆರ್ಸೆನಲ್ ಪರ ತಿಯರಿ ಆನ್ರಿ ಚೆಲ್ಸಿ ವಿರುದ್ಧ ಹೀಗೇ ಹೊಡೆದಿದ್ದರು. ಕೀಪರ್ ಪೀಟರ್ ಚೆಕ್ ಗೋಡೆ ಸರಿಮಾಡುತ್ತಿದ್ದರು. ರೆಫರಿ ಗ್ರಹಾಂ ಪೋಲ್ ಗೋಲು ಕೊಟ್ಟರು, ಚೆಲ್ಸಿಯವರು ಕೂಗಾಡಿದರು. ಪಂದ್ಯ 2-2 ಆಗಿ ಮುಗಿಯಿತು.

ಪ್ರಶ್ನೆ: ಗೋಲಿನ ಮಾತು ಬಿಡಿ. ಅನ್ಯಾಯ ಆಯ್ತು ಅನ್ನಿಸಿದಾಗ ಮೈದಾನ ಬಿಟ್ಟು ಹೋಗುವುದು ತಪ್ಪಾ? ಬ್ಲಾಸ್ಟರ್ಸ್‌ಗೆ ಬಿದ್ದ ದಂಡ ಜಾಸ್ತಿ ಆಯ್ತು ಅಂತ ನನ್ನ ಅನಿಸಿಕೆ.
*ಓದುಗರು, ಕಾಸರಗೋಡು*

ಉತ್ತರ: ಕಾಸರಗೋಡಿನವರು ಯಾವ ಕಡೆ ಅಂತ ಊಹಿಸುವುದು ಕಷ್ಟ, ಹಾಗಾಗಿ ಎರಡೂ ಕಡೆಗೆ ಹೇಳುತ್ತೇನೆ.

ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಹೊರಗೆ ಕರೆದರು. ಅವರು ವಾಪಸ್ ಬರಲೇ ಇಲ್ಲ. ಪಂದ್ಯ 1-0 ಅಂತ ಬೆಂಗಳೂರಿಗೆ ಹೋಯಿತು. ಪಂದ್ಯ ಮತ್ತೆ ಆಡಿಸಿ ಅನ್ನುವ ಬ್ಲಾಸ್ಟರ್ಸ್ ಬೇಡಿಕೆ ತಿರಸ್ಕೃತವಾಯಿತು. ಆಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಸಾರ್ವಜನಿಕವಾಗಿ ಕ್ಷಮೆ ಕೇಳದಿದ್ದರೆ 6 ಕೋಟಿ. ಕೋಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ಕ್ಲಬ್ ಕ್ಷಮೆ ಕೇಳಿತು.

ದೊಡ್ಡ ಮೊತ್ತ, ಹೌದು. ನಮ್ಮ ಫುಟ್‌ಬಾಲ್‌ನಲ್ಲಿ ಅಷ್ಟು ದುಡ್ಡು ಎಲ್ಲಿದೆ ಅಂತ ನನಗೂ ಅನ್ನಿಸಿತು. ಆದರೆ ದಂಡ ಬಿದ್ದದ್ದು ಗೋಲಿನ ಬಗ್ಗೆ ತಕರಾರು ಎತ್ತಿದ್ದಕ್ಕಲ್ಲ, ಆಟ ನಿಲ್ಲಿಸಿದ್ದಕ್ಕೆ. ಇದೇ ತಕರಾರನ್ನು ಮೈದಾನದಲ್ಲೇ ನಾಯಕನ ಮೂಲಕ ಹೇಳಿ, ಆಟ ಮುಗಿಸಿ, ಆಮೇಲೆ ಬರವಣಿಗೆಯಲ್ಲಿ ಕೊಟ್ಟಿದ್ದರೆ ‘ರೆಫರಿ ಗೋಡೆ ಸರಿಸಲು ಶುರು ಮಾಡಿದ್ದರು’ ಅನ್ನುವ ಅವರ ವಾದವನ್ನು ಜನ ಗಂಭೀರವಾಗಿ ಕೇಳುತ್ತಿದ್ದರು. ಹೊರನಡೆದ ಮೇಲೆ ಎಲ್ಲರೂ ಮಾತಾಡಿದ್ದು ನಡಿಗೆಯ ಬಗ್ಗೆ ಮಾತ್ರ. ಜೊತೆಗೆ 20 ನಿಮಿಷಕ್ಕೂ ಹೆಚ್ಚು ಆಟ ಬಾಕಿ ಇತ್ತು! ಹಿಂದಿದ್ದದ್ದು ಒಂದೇ ಗೋಲು.

ಫ್ರಾನ್ಸಿನ ಲೀಲ್ ತಂಡದ ಕಥೆ ನೋಡಿ. 2007ರ ಫೆಬ್ರವರಿ, ಚಾಂಪಿಯನ್ಸ್ ಲೀಗ್. ಮ್ಯಾಂಚೆಸ್ಟರ್ ಯುನೈಟೆಡ್‌ನ ರಯಾನ್ ಗಿಗ್ಸ್ 83ನೇ ನಿಮಿಷದಲ್ಲಿ ಕೀಪರ್ ಗೋಡೆ ನಿಲ್ಲಿಸುತ್ತಿರುವಾಗಲೇ ಫ್ರೀ ಕಿಕ್ ಒಳಗೆ ಹಾಕಿದರು. ಲೀಲ್ ಆಟಗಾರರು ಸಿಟ್ಟಿನಲ್ಲಿ ಬದಿಗೆರೆಯ ಕಡೆ ನಡೆದರು. ಆದರೆ ವಾಪಸ್ ಬಂದು ಆಡಿದರು, 0-1 ಸೋತರು. ಅವರ ದೂರನ್ನು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಒಪ್ಪಲಿಲ್ಲ. ಆದರೆ ಎರಡನೇ ಲೆಗ್ (ಅದೇ ಎದುರಾಳಿ ಜೊತೆಗಿನ ಎರಡನೇ ಪಂದ್ಯ) ಆಡುವ ಅವಕಾಶ ಅವರ ಕೈಯಲ್ಲೇ ಉಳಿಯಿತು. ಬ್ಲಾಸ್ಟರ್ಸ್‌ನ ಐಎಸ್‌ಎಲ್ ಸೀಸನ್ ಕಂಠೀರವದಲ್ಲೇ ಮುಗಿಯಿತು.

ಬೆಂಗಳೂರಿನವರು ಜಾಸ್ತಿ ಬೀಗಬೇಕಿಲ್ಲ. ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಫೈನಲ್‌ಗೆ ಹೋದರು. ಗೋವಾದಲ್ಲಿ ಎಟಿಕೆ ಮೋಹನ್ ಬಗಾನ್ ವಿರುದ್ಧ 2-2 ಆಗಿ, ಪೆನಾಲ್ಟಿಯಲ್ಲೇ ಕಪ್ ಕಳೆದುಕೊಂಡರು.

ಪ್ರಶ್ನೆ: ನಾನು ಕಾಲೇಜು ತಂಡದ ಕೀಪರ್. ಎದುರಾಳಿಗಳು ಹೀಗೆ ಬೇಗ ಹೊಡೆದರೆ ಏನು ಮಾಡಬೇಕು?
*ವಿದ್ಯಾರ್ಥಿ, ಮಂಗಳೂರು*

ಉತ್ತರ: ಫೌಲ್ ಆದ ಕ್ಷಣದಿಂದ ಚೆಂಡಿನ ಮೇಲಿಂದ ಕಣ್ಣು ತೆಗೀಬೇಡ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಕೀಪರ್‌ಗಳು ಮಾಡುವ ದೊಡ್ಡ ತಪ್ಪು ಯಾವುದು ಗೊತ್ತಾ? ಗೋಡೆ ನೇರವಾಗಿದೆಯಾ ನೋಡಲು ಒಂದು ಕಂಬಕ್ಕೆ ಹೋಗಿ, ಅದಕ್ಕೆ ಅಂಟಿಕೊಂಡು, ಒಂದು ಕಣ್ಣು ಮುಚ್ಚಿ ಗುರಿ ನೋಡುತ್ತಾ ನಿಲ್ಲುವುದು. ಆಗ ಇಡೀ ಗೋಲು ತೆರೆದಿರುತ್ತದೆ. ಒದೆಯುವವನು ಕಾಯುವುದೂ ಅದಕ್ಕೇ. ಗೋಡೆಯಲ್ಲಿ ಎಷ್ಟು ಜನ, ತುದಿಯಲ್ಲಿ ಯಾರು ಅನ್ನುವುದು ಅಭ್ಯಾಸದಲ್ಲೇ ತೀರ್ಮಾನವಾಗಿರಬೇಕು. ತುದಿಯವನು ಹಿಂತಿರುಗಿ ನಿನ್ನನ್ನು ನೋಡಲಿ, ನೀನು ಗೋಲಿನ ಮಧ್ಯದ ಹತ್ತಿರವೇ ನಿಂತು ಕೈ ಸನ್ನೆ ಮಾಡು. ಗೋಡೆ ಒಂದಡಿ ಆಚೀಚೆ ಆದರೂ ಪರವಾಗಿಲ್ಲ, ನೀನು ನಿನ್ನ ಜಾಗದಲ್ಲಿರುವುದು ಮುಖ್ಯ.

ನಿಮ್ಮ ನಾಯಕನಿಗೆ ಒಂದು ಕೆಲಸ ಹೇಳು. ಫೌಲ್ ಆದ ತಕ್ಷಣ ರೆಫರಿ ಹತ್ತಿರ ಹೋಗಿ ‘ಸರ್, ವಿಸಿಲ್ ಊದಿದ ಮೇಲೇನಾ ಒದೆಯೋದು?’ ಅಂತ ಮರ್ಯಾದೆಯಿಂದ ಕೇಳಲಿ. ಹೌದು ಅಂದರೆ ತಂಡಕ್ಕೆ ಕೂಗಿ ಹೇಳಲಿ. ಇಲ್ಲ ಅಂದರೆ ಇನ್ನೂ ಜೋರಾಗಿ ಕೂಗಿ ಹೇಳಲಿ. ಚೆಂಡಿನ ಮುಂದೆ ಸುಮ್ನೆ ಹೋಗಿ ನಿಲ್ಲುವುದು ಬೇಡ, ಹಳದಿ ಕಾರ್ಡ್ ಬಂದೀತು. ಹಾಂ, ಇನ್ನೊಂದು ವಿಷಯ. ನಿಮ್ಮವನು ಹಿಂದೆ ಸರಿಯುವ ಮೊದಲೇ ಅವರು ಬೇಗ ಒದ್ದು, ಚೆಂಡು ಅವನಿಗೇ ಸಿಕ್ಕರೆ ಆಟ ಮುಂದುವರಿಯುತ್ತದೆ. ಬೇಗ ಒದ್ದ ಅಪಾಯ ಅವರದ್ದೇ.

ಪ್ರಶ್ನೆ: ನಾನು ದೋಹಾದಲ್ಲಿ ಕೆಲಸ ಮಾಡುತ್ತೇನೆ. 2024ರ ಜೂನ್ 11ರಂದು ಇಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಕತಾರ್ ಭಾರತದ ವಿರುದ್ಧ ಹೊಡೆದ ಮೊದಲ ಗೋಲು ಹೊರಗೆ ಹೋದ ಚೆಂಡಿನದ್ದು. ಅದನ್ನು ಯಾಕೆ ಯಾರೂ ರದ್ದು ಮಾಡಲಿಲ್ಲ?
*ಓದುಗರು, ದೋಹಾ*

ಉತ್ತರ: ಇದು ಚೆಟ್ರಿ ಗೋಲಿನ ಹಾಗೆ ವಾದ ಮಾಡುವ ವಿಷಯವೇ ಅಲ್ಲ. ಅದು ಗೋಲಲ್ಲ, ಅಷ್ಟೇ.

ಚೆಂಡು ಹೊರಗೆ ಹೋಗಿದೆ ಅನ್ನಬೇಕಾದರೆ ಇಡೀ ಚೆಂಡು ಇಡೀ ಗೆರೆಯನ್ನು ದಾಟಿರಬೇಕು. ಚೆಂಡಿನ ಅಡ್ಡಗಲ ಸುಮಾರು 22 ಸೆಂಟಿಮೀಟರ್. ಹಾಗಾಗಿ ಅದು ನೆಲಕ್ಕೆ ತಾಗಿದ ಜಾಗ ಗೆರೆಯಿಂದ ಆಚೆಗಿದ್ದರೂ, ಉಬ್ಬಿದ ಭಾಗ ಮೇಲಿನಿಂದ ಗೆರೆಯ ಮೇಲೇ ಇರಬಹುದು. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಜಪಾನ್ ಹೊಡೆದ ಎರಡನೇ ಗೋಲು ಹೀಗೇ ಉಳಿಯಿತು. ಕವೊರು ಮಿತೊಮಾ ವಾಪಸ್ ಎಳೆದ ಚೆಂಡು ಟಿವಿಯಲ್ಲಿ ಪೂರ್ತಿ ಹೊರಗೆ ಕಂಡಿತು. ಮೇಲಿನಿಂದ ತೆಗೆದ ಚಿತ್ರದಲ್ಲಿ ಕೂದಲೆಳೆಯಷ್ಟು ಗೆರೆಯ ಮೇಲಿತ್ತು. ಅದೂ ಕತಾರಿನಲ್ಲೇ ನಡೆದದ್ದು.

ನಮ್ಮ ಪಂದ್ಯದಲ್ಲಿ ಕೂದಲೆಳೆಯ ಪ್ರಶ್ನೆ ಬರಲಿಲ್ಲ. ಕತಾರಿನ ಯೂಸುಫ್ ಅಯ್ಮೆನ್ ತಲೆಯಿಂದ ಹೊಡೆದ ಚೆಂಡನ್ನು ನಮ್ಮ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಅದು ಕಂಬದ ಪಕ್ಕ ಉರುಳಿ ಗೆರೆಯಾಚೆ ಹೋಯಿತು. ಇನ್ನೇನು ಕಾರ್ನರ್ ಅಂತ ನಮ್ಮವರು ನಿಂತೇಬಿಟ್ಟರು. ಕತಾರಿನ ಆಟಗಾರ ಚೆಂಡನ್ನು ಕಾಲಲ್ಲಿ ಒಳಗೆ ಎಳೆದರು, ಅಯ್ಮೆನ್ ಬಲೆಗೆ ತಳ್ಳಿದರು. ಲಾಲಿಯನ್‌ಜುವಾಲಾ ಚಾಂಗ್ಟೆ ಕೊಟ್ಟಿದ್ದ ಮುನ್ನಡೆ ಹೋಯಿತು. ಕೊನೆಗೆ 1-2 ಸೋತು, ಮೂರನೇ ಸುತ್ತಿಗೆ ಮೊದಲ ಸಲ ಹೋಗುವ ಅವಕಾಶವೂ ಹೋಯಿತು.

ರೆಫರಿಗೆ ಕಾಣಲಿಲ್ಲ ಯಾಕೆ? ಅವರು ಮುಂದಿನಿಂದ ನೋಡುತ್ತಿದ್ದರು. ಕೀಪರ್ ದೇಹ, ಕಂಬ, ಅಡ್ಡಬಂದ ಕಾಲುಗಳು. ಗೆರೆಯ ನೇರಕ್ಕೆ ನಿಂತು ನೋಡಬಲ್ಲವರು ಸಹಾಯಕ ರೆಫರಿ ಮಾತ್ರ. ಅವರೂ ಬಾವುಟ ಎತ್ತಲಿಲ್ಲ. ಆ ಸುತ್ತಿನ ಪಂದ್ಯಗಳಲ್ಲಿ ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಇರಲಿಲ್ಲ. ಟಿವಿ ಮುಂದೆ ಕೂತ ಅಷ್ಟೂ ಜನ ಕಂಡದ್ದನ್ನು ತೀರ್ಪು ಕೊಡಬೇಕಾದವರು ಮಾತ್ರ ಕಾಣಲಿಲ್ಲ.

ಆಮೇಲೆ ಯಾಕೆ ರದ್ದಾಗಲಿಲ್ಲ ಅನ್ನುವುದಕ್ಕೆ ನಿಯಮದ ಎರಡು ಸಾಲು ಕಾರಣ. ಆಟ ಮತ್ತೆ ಶುರುವಾದರೆ ರೆಫರಿ ತನ್ನ ಹಿಂದಿನ ತೀರ್ಮಾನ ತಪ್ಪು ಅಂತ ಗೊತ್ತಾದರೂ ಬದಲಿಸುವಂತಿಲ್ಲ. ಗೋಲು ಆಯ್ತಾ ಇಲ್ಲವಾ ಅನ್ನುವುದರಲ್ಲಿ ರೆಫರಿ ಮಾತೇ ಕೊನೆ. ಹಾಗಾಗಿ ನಮ್ಮ ಫೆಡರೇಷನ್ ದೂರು ಕೊಟ್ಟರೂ, ತನಿಖೆ ಕೇಳಿದರೂ, ಸ್ಕೋರು ಹಾಗೇ ಉಳಿಯಿತು. ನಮ್ಮ ಆಟಗಾರರ ಕೈಯಲ್ಲಿದ್ದದ್ದು ಗೋಲು ಬಿದ್ದ ಮೇಲೆ ಮಧ್ಯದ ಕಿಕ್ ಆಫ್ ಆಗುವ ತನಕದ ಸಮಯ ಮಾತ್ರ. ಅದರಲ್ಲಿ ಹತ್ತು ಜನ ರೆಫರಿಯನ್ನು ಸುತ್ತುವರಿಯುವ ಬದಲು, ನಾಯಕ ಒಬ್ಬರೇ ಹೋಗಿ ‘ಸಹಾಯಕರನ್ನು ಒಮ್ಮೆ ಕೇಳಿ’ ಅನ್ನಬೇಕು. ಅದಕ್ಕೂ ಮೊದಲು, ಚೆಂಡು ಹೊರಗೆ ಹೋದದ್ದು ಎಷ್ಟೇ ಸ್ಪಷ್ಟವಾಗಿ ಕಂಡರೂ, ವಿಸಿಲ್ ಕೇಳುವ ತನಕ ಡಿಫೆಂಡರ್ ನಿಲ್ಲಬಾರದು. ಫ್ರೀ ಕಿಕ್ ಒದೆಯುವವನಿಗೆ ವಿಸಿಲ್ ಬೇಕಿಲ್ಲ. ಆಡುವುದನ್ನು ನಿಲ್ಲಿಸುವವನಿಗೆ ಬೇಕೇ ಬೇಕು.