ಕೀನ್ಯಾದ ಮಿಷನ್ ಬೇಸ್‌ನಲ್ಲಿ, ಅಂದರೆ ಕ್ರೈಸ್ತ ಸೇವೆಗೆ ಬಂದವರು ಒಟ್ಟಿಗೆ ಇರುವ ಕೇಂದ್ರದಲ್ಲಿ, ಆರು ತಿಂಗಳು ಎಲ್ಲರ ಜೊತೆ ಇರಬೇಕು. ಬೆಳಗಾವಿಯಿಂದ ಹೊರಡುವ ಮುಂಚೆ ಏನು ತಯಾರಿ ಮಾಡಿಕೊಳ್ಳಲಿ?

ಮೊದಲು ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ವಾಪಸ್ ಬಂದಾಗ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ಅದರ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್ ಆಗಬಹುದು. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಹಾಕಿಸಿ 10 ದಿನ ಆದಮೇಲಷ್ಟೇ ಅದು ಲೆಕ್ಕಕ್ಕೆ ಬರುತ್ತದೆ. ಕೀನ್ಯಾಕ್ಕೆ ಹೋಗಿ ಇರಲು ಬೇಕಾದ ಅನುಮತಿ ವಿಷಯ ಬೇಸ್‌ನವರನ್ನೇ ಕೇಳಿ, ಏಜೆಂಟರ ಮಾತು ನಂಬಬೇಡಿ.

ಕಾಗದಪತ್ರ ಹೇಗೋ ಆಗುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಇರೋದೇ ಕಷ್ಟ. ಮೇಲೊಂದು ಕೆಳಗೊಂದು ಮಂಚ, ಒಬ್ಬರ ಗೊರಕೆ, ಇನ್ನೊಬ್ಬರ ಅಲಾರಂ. ಇಯರ್‌ಪ್ಲಗ್, ಸಣ್ಣ ಟಾರ್ಚ್, ಒಂದು ಬೀಗ ಇಟ್ಟುಕೊಳ್ಳಿ. ಅಡುಗೆ, ಪಾತ್ರೆ, ಟಾಯ್ಲೆಟ್ ತೊಳೆಯೋದು ಎಲ್ಲರಿಗೂ ಪಾಳಿ ಪ್ರಕಾರ ಬರುತ್ತದೆ. ಮನೆಯಲ್ಲಿ ಅವ್ವನೇ ನಿಮ್ಮ ತಾಟು ಎತ್ತುತ್ತಿದ್ದರೆ ಇವತ್ತಿನಿಂದಲೇ ರೂಢಿ ಮಾಡಿಕೊಳ್ಳಿ!

ಊಟಕ್ಕೆ ಜಾಸ್ತಿ ಸಿಗೋದು ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಜೊತೆಗೆ ಸೊಪ್ಪು. ಖಾರ ಕಡಿಮೆ. ಚಟ್ನಿಪುಡಿ ಒಯ್ಯಿರಿ. ಶೇಂಗಾದ್ದಾದರೆ ರೂಮಿನಲ್ಲಿ ಯಾರಿಗಾದರೂ ಅಲರ್ಜಿ ಇದೆಯಾ ಕೇಳಿಯೇ ಡಬ್ಬಿ ತೆಗೆಯಿರಿ. ಅಗಸಿ ಚಟ್ನಿ ವಾಸಿ.

ಬಹಳ ಕಡೆ ಸಂಬಳ ಇರಲ್ಲ, ಊಟ-ವಸತಿ ಖರ್ಚೂ ನಿಮ್ಮದೇ. ನಿಮ್ಮ ಚರ್ಚ್ ಸಭೆಯವರು ತಿಂಗಳಾ ದುಡ್ಡು ಕಳಿಸ್ತೀವಿ ಅಂದರೆ ಯಾರು ಎಷ್ಟು ಅಂತ ಬರೆಸಿಕೊಳ್ಳಿ. ವಾಪಸ್ ಟಿಕೆಟ್ ದುಡ್ಡು ಮಾತ್ರ ಬೇರೆ ಖಾತೆಯಲ್ಲಿಡಿ.