ಉತ್ತರ: ರೈಟ್ ಬಿಟ್ ತೆಗೆದರೂ ಪೇಜ್ ಫಾಲ್ಟ್ ಯಾಕೆ ಬರ್ತಿಲ್ಲ?

ಎಕ್ಸ್86-64ರಲ್ಲಿ (ಇಂಟೆಲ್, ಎಎಂಡಿಯ 64-ಬಿಟ್ ಪ್ರೊಸೆಸರ್‌ಗಳು) ಪೇಜ್ ಟೇಬಲ್ ಎಂಟ್ರಿಯ (ಪೇಜ್ ಅನ್ನೋ ಮೆಮೊರಿ ತುಂಡು ಎಲ್ಲಿದೆ, ಅದಕ್ಕೆ ಏನೇನು ಅನುಮತಿ ಅಂತ ಹೇಳೋ ದಾಖಲೆ) ರೈಟ್ ಬಿಟ್, ಅಂದ್ರೆ ಬರೆಯೋ ಅನುಮತಿ, ಸೊನ್ನೆ ಮಾಡಿದ ಮೇಲೂ ನಿಮ್ಮ ಕರ್ನಲ್ (ಓಎಸ್‌ನ ತಿರುಳು) ಪೇಜ್ ಫಾಲ್ಟ್ (ಅನುಮತಿ ಇಲ್ಲ ಅಂತ ಪ್ರೊಸೆಸರ್ ತಡೆಯೋದು) ಬರದೆ ಅದೇ ಪೇಜಿಗೆ ಆರಾಮಾಗಿ ಬರೀತಿದೆ ಅಂದ್ರಲ್ಲ, ಮೊದಲು ಸಿಆರ್0 ಅನ್ನೋ ಪ್ರೊಸೆಸರ್ ಕಂಟ್ರೋಲ್ ರಿಜಿಸ್ಟರ್‌ನ 16ನೇ ಬಿಟ್ ನೋಡಿ. ಡಬ್ಲ್ಯೂಪಿ (ರೈಟ್ ಪ್ರೊಟೆಕ್ಟ್) ಅನ್ನೋದು ಅದೇ. ಅದು 0 ಇದ್ರೆ ರಿಂಗ್ 0ರಲ್ಲಿ, ಅಂದ್ರೆ ಕರ್ನಲ್ ಮಟ್ಟದಲ್ಲಿ ಓಡೋ ಕೋಡಿಗೆ ರೀಡ್-ಓನ್ಲಿ ನಿಯಮವೇ ಲಾಗೂ ಆಗಲ್ಲ. ಫಾಲ್ಟ್ ಏನಿದ್ರೂ ಯೂಸರ್ ಪ್ರೋಗ್ರಾಂಗೆ ಮಾತ್ರ. ನಾನೂ ಇದರ ಹಿಂದೆ ಎರಡು ರಾತ್ರಿ ಹಾಳು ಮಾಡ್ಕೊಂಡಿದ್ದೆ.

ಡಬ್ಲ್ಯೂಪಿ 1 ಇದ್ದೂ ಹೀಗಾಗ್ತಿದ್ರೆ ನನ್ನ ಅನುಮಾನ ಟಿಎಲ್‌ಬಿ (ಪೇಜ್ ಟೇಬಲ್ ಎಂಟ್ರಿಗಳನ್ನ ಪ್ರೊಸೆಸರ್ ನೆನಪಿಟ್ಟುಕೊಳ್ಳೋ ಕ್ಯಾಶ್) ಮೇಲೆ, ಹಳೇ ಅನುಮತಿ ಅಲ್ಲೇ ಕೂತಿರುತ್ತೆ. ಎಂಟ್ರಿ ಬದಲಿಸಿದ ತಕ್ಷಣ ಆ ವಿಳಾಸಕ್ಕೆ ಇನ್‌ವಿಎಲ್‌ಪಿಜಿ (ಟಿಎಲ್‌ಬಿಯಿಂದ ಆ ಪೇಜಿನ ಎಂಟ್ರಿ ಅಳಿಸೋ ಇನ್‌ಸ್ಟ್ರಕ್ಷನ್) ಹಾಕಿ. ಅದು ಓಡಿದ ಕೋರ್‌ಗಷ್ಟೇ. ಉಳಿದ ಕೋರ್‌ಗಳಿಗೆ ಐಪಿಐ (ಒಂದು ಕೋರ್ ಇನ್ನೊಂದಕ್ಕೆ ಕಳಿಸೋ ಇಂಟರಪ್ಟ್) ಕಳಿಸಿ, ಎಲ್ಲವೂ ತಮ್ಮ ಟಿಎಲ್‌ಬಿಯಿಂದ ಹಳೇ ಎಂಟ್ರಿ ಫ್ಲಶ್ ಮಾಡೋ ತನಕ ಕಾಯಲೇಬೇಕು.

ಅಂದಹಾಗೆ, ಮುಂದೆ ಎನ್‌ಎಕ್ಸ್‌ಗೆ (ಆ ಪೇಜಿನಿಂದ ಕೋಡ್ ಓಡಿಸೋದನ್ನ ತಡೆಯೋಕೆ) ಎಂಟ್ರಿಯ 63ನೇ ಬಿಟ್ ಹಾಕೋ ಮುಂಚೆ ಇಎಫ್‌ಇಆರ್ ರಿಜಿಸ್ಟರ್‌ನಲ್ಲಿ ಎನ್‌ಎಕ್ಸ್‌ಇ ಬಿಟ್ ಆನ್ ಮಾಡಿ. ಇಲ್ಲಾಂದ್ರೆ ರಿಸರ್ವ್ಡ್ ಬಿಟ್ ಅಂತ ಬೇರೆಯೇ ಫಾಲ್ಟ್ ಬರುತ್ತೆ.